ನಿಮಗಿದು ಗೊತ್ತೆ? ಸಾಫ್ಟ್‌ವೇರ್ ಪರೀಕ್ಷೆಗೆ ಒಂದು ದಢೂತಿ ಮೊಲ

ಮೈಸೂರಿನ ಹೆಬ್ಬಾಳದಲ್ಲಿ ಕೂತಿರಲಿ, ಅಮೆರಿಕದಲ್ಲಿರಲಿ, ವಿಡಿಯೊ ಆ್ಯಪ್ ಬರೆಯುವ ಬಹಳ ಮಂದಿಗೆ ಒಂದು ದಢೂತಿ ಮೊಲದ ಪರಿಚಯವಿರುತ್ತದೆ. ಅದೇ ‘ಬಿಗ್ ಬಕ್ ಬನ್ನಿ’, ಆಮ್‌ಸ್ಟರ್‌ಡ್ಯಾಮಿನ ಬ್ಲೆಂಡರ್ ಸಂಸ್ಥೆ 2008ರಲ್ಲಿ ಬಿಡುಗಡೆ ಮಾಡಿದ ಸುಮಾರು 10 ನಿಮಿಷದ ಅನಿಮೇಷನ್ ಚಿತ್ರ.

ವಿಡಿಯೊ ತಡೆಯಿಲ್ಲದೆ ಓಡುತ್ತದೆಯೇ, ಧ್ವನಿ ಹಿಂದೆ ಬೀಳುತ್ತದೆಯೇ, ನೆಟ್ ನಿಧಾನವಾದರೆ ಏನಾಗುತ್ತದೆ ಎಂದು ನೋಡಲು ಮಾದರಿ ಫೈಲ್ ಬೇಕು. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ತಕರಾರು. ಮನೆಯ ಮದುವೆ ವಿಡಿಯೊ ಹಾಕಿದರೆ ನೆಂಟರ ಖಾಸಗಿತನಕ್ಕೆ ಧಕ್ಕೆ. ಈ ಚಿತ್ರವನ್ನಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ತಯಾರಿಸಿದವರ ಹೆಸರು ಹೇಳಿ ಯಾರು ಬೇಕಾದರೂ ಕತ್ತರಿಸಬಹುದು, ಹಂಚಬಹುದು. ಮೊಲದ ಮೈಯ ನವಿರು ಕೂದಲು, ಹುಲ್ಲಿನ ಎಸಳು: ಫೈಲ್ ಕುಗ್ಗಿಸುವಾಗ ಮೊದಲು ಕಲಸಿಹೋಗುವುದು ಇಂಥವೇ. ಹಾಗಾಗಿ ದೋಷ ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಕಠಿಣವಾದ ಪರೀಕ್ಷೆ ನಮ್ಮ ಮೈಸೂರಲ್ಲೇ ಇದೆ. ಕತ್ತಲ ಆಕಾಶದ ಕೆಳಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುವ ಅರಮನೆ! ವಿಡಿಯೊವನ್ನು ಅತಿಯಾಗಿ ಕುಗ್ಗಿಸಿದರೆ ಆಕಾಶ ಪಟ್ಟೆಪಟ್ಟೆಯಾಗುತ್ತದೆ, ಬಲ್ಬುಗಳ ಸಾಲು ಕದಡಿಹೋಗುತ್ತದೆ. ಆ ದೃಶ್ಯವನ್ನು ಯಾರಾದರೂ ಅಚ್ಚುಕಟ್ಟಾಗಿ ಚಿತ್ರಿಸಿ ಮುಕ್ತ ಪರವಾನಗಿಯಲ್ಲಿ ಕೊಟ್ಟರೆ, ಎಲ್ಲೆಡೆಯ ಪ್ರೋಗ್ರಾಮರುಗಳಿಗೆ ದೊಡ್ಡ ಉಪಕಾರವಾದೀತು.