ಅಪಾರ್ಟ್‌ಮೆಂಟ್ ಸಂಘ: ಅನುಕೂಲವೋ, ಅನಾನುಕೂಲವೋ?

ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲಿ ನೋಡಿದರೂ ಇಂದು ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ. ನಮ್ಮ ಕಾಲೇಜಿನಲ್ಲೂ ಫ್ಲ್ಯಾಟ್‌ಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ಮತ್ತು ಉಪನ್ಯಾಸಕರು ಅನೇಕರಿದ್ದಾರೆ. ಸ್ವಂತ ಮನೆಯಾಗಲಿ, ಬಾಡಿಗೆ ಮನೆಯಾಗಲಿ, ತಿಂಗಳ ಮೊದಲ ವಾರ 'ಮೇಂಟೆನೆನ್ಸ್ ಕಟ್ಟಿದ್ದೀರಾ?' ಎಂಬ ಮಾತು ಬಂದೇ ಬರುತ್ತದೆ. ಹಾಗೆ ಕೇಳುವುದು ಅಪಾರ್ಟ್‌ಮೆಂಟ್ ಮಾಲೀಕರ ಸಂಘ. ಜನರ ಬಾಯಲ್ಲಿ ಅದು ಬರೀ 'ಅಸೋಸಿಯೇಷನ್'. ನಮ್ಮಿಂದ ಹಣ ಕೇಳುವ, ನಮ್ಮ ಮನೆಗೆ ನಿಯಮ ಹೇಳುವ ಅಧಿಕಾರ ಈ ಸಂಘಕ್ಕೆ ಎಲ್ಲಿಂದ ಬಂತು? ಅದರಿಂದ ಒಳ್ಳೆಯದೆಷ್ಟು, ತೊಂದರೆ ಎಷ್ಟು? ಈ ಲೇಖನದಲ್ಲಿ ನೋಡೋಣ.

ಸಂಘ ಏಕೆ ಬೇಕು?

ಫ್ಲ್ಯಾಟ್ ಕೊಳ್ಳುವವರು ಒಂದೇ ಪತ್ರದಲ್ಲಿ ಎರಡು ಆಸ್ತಿಗಳನ್ನು ಕೊಳ್ಳುತ್ತಾರೆ. ಒಂದು, ಬಾಗಿಲಿನ ಒಳಗಿರುವ ಮನೆ. ಅದು ಅವರೊಬ್ಬರದೇ. ಇನ್ನೊಂದು, ಇಡೀ ಜಾಗದಲ್ಲಿ ಒಂದು ಅವಿಭಜಿತ ಪಾಲು. ನೆಲ, ಮೆಟ್ಟಿಲು, ಲಿಫ್ಟ್, ಸಂಪು, ಬೋರ್‌ವೆಲ್, ತಾರಸಿ, ಗೇಟು ಇವೆಲ್ಲ ಎಲ್ಲರಿಗೂ ಸೇರಿದವು. 'ಇದು ನನ್ನ ಮೆಟ್ಟಿಲು, ಅದು ನಿನ್ನದು' ಎಂದು ಅಲ್ಲಿ ಗೆರೆ ಎಳೆಯಲು ಬರುವುದಿಲ್ಲ. ಎಲ್ಲರಿಗೂ ಸೇರಿದ್ದನ್ನು ಯಾರೂ ನೋಡಿಕೊಳ್ಳದೆ ಬಿಡುವ ಅಪಾಯ ಇದ್ದೇ ಇದೆ. ಹಾಗಾಗಬಾರದೆಂದು ಸಂಘ.

ಕರ್ನಾಟಕದಲ್ಲಿ ಇದಕ್ಕಾಗಿ 1972ರಲ್ಲೇ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬಂತು. ಅದರ ಪ್ರಕಾರ 'ಡೀಡ್ ಆಫ್ ಡಿಕ್ಲರೇಷನ್' ಎಂಬ ಘೋಷಣಾ ಪತ್ರವನ್ನು ಬೈಲಾ ಸಮೇತ ನೋಂದಣಿ ಮಾಡಿಸುತ್ತಾರೆ. ಪ್ರತಿ ಫ್ಲ್ಯಾಟಿನ ಪಾಲು ಶೇಕಡಾ ಎಷ್ಟು ಎಂಬುದು ಅದರಲ್ಲಿ ಬರೆದಿರುತ್ತದೆ. ಸಾಮಾನ್ಯ ಖರ್ಚನ್ನು ಹಂಚುವುದು ಈ ಪಾಲಿನ ಮೇಲೆ. ಮತದ ತೂಕವನ್ನೂ ಘೋಷಣಾ ಪತ್ರವೇ ಶೇಕಡಾವಾರು ಗೊತ್ತುಮಾಡುತ್ತದೆ. ವಾಣಿಜ್ಯ ವಿಭಾಗದವರಿಗೆ ಇದನ್ನು ಕೇಳಿದ ಕೂಡಲೇ ಕಂಪನಿಯ ಷೇರು ನೆನಪಾಗಬಹುದು. ಹೋಲಿಕೆ ಸರಿಯೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕಂಪನಿ ಇಷ್ಟವಾಗದಿದ್ದರೆ ಷೇರುದಾರ ಷೇರು ಮಾರಿ ಹೊರಬರುತ್ತಾನೆ. ಸಂಘ ಇಷ್ಟವಾಗದಿದ್ದರೆ ಮಾರಬೇಕಾದದ್ದು ಮನೆಯನ್ನೇ.

ಸೈಟುಗಳಿರುವ ಬಡಾವಣೆಗಳಲ್ಲಿ ಕಾಣುವ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳು ಬೇರೆ ಬಗೆಯವು. ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವ ಅವುಗಳಿಗೆ ಇಷ್ಟವಿದ್ದವರು ಸೇರಬಹುದು, ಬೇಡವಾದವರು ಬಿಡಬಹುದು. ಫ್ಲ್ಯಾಟಿನವರಿಗೆ ಆ ಆಯ್ಕೆ ಇಲ್ಲ. ಅನುಕೂಲ, ಅನಾನುಕೂಲ ಎರಡಕ್ಕೂ ಮೂಲ ಇದೇ.

ಅನುಕೂಲಗಳು

ಮೊದಲನೆಯದು ಖರ್ಚಿನ ಹಂಚಿಕೆ. ಉದಾಹರಣೆಗೆ 40 ಫ್ಲ್ಯಾಟ್‌ಗಳ ಒಂದು ಕಟ್ಟಡ ಎಂದುಕೊಳ್ಳೋಣ. ಸೆಕ್ಯುರಿಟಿ, ಲಿಫ್ಟ್ ರಿಪೇರಿ ಒಪ್ಪಂದ, ಪಂಪಿನ ಕರೆಂಟ್ ಬಿಲ್, ಸ್ವಚ್ಛತೆ ಎಲ್ಲ ಸೇರಿ ತಿಂಗಳಿಗೆ 1,00,000 ರೂಪಾಯಿ ಖರ್ಚು. ಒಂದು ಕುಟುಂಬ ಒಂಟಿಯಾಗಿ ಇಷ್ಟು ಸೌಲಭ್ಯ ಪಡೆಯಲು ಸಾಧ್ಯವಿಲ್ಲ. 40 ಮನೆಗೆ ಹಂಚಿದಾಗ ತಲಾ 2,500 ರೂಪಾಯಿಗೆ ಹಗಲುರಾತ್ರಿ ಕಾವಲು, ಲಿಫ್ಟ್, ನೀರು ಎಲ್ಲವೂ ಸಿಗುತ್ತವೆ.

ಎರಡನೆಯದು ಬಿಲ್ಡರ್ ಎದುರು ಒಗ್ಗಟ್ಟಿನ ಬಲ. ಗೋಡೆ ಬಿರುಕು ಬಿಟ್ಟಿದೆ, ಬೇಸ್‌ಮೆಂಟಿನಲ್ಲಿ ನೀರು ನಿಲ್ಲುತ್ತದೆ ಎಂದು ಒಬ್ಬರೇ ಹೋಗಿ ಹೇಳಿದರೆ 'ನೋಡೋಣ' ಎಂಬ ಉತ್ತರ ಬರುತ್ತದೆ. ಎಲ್ಲರೂ ಸಂಘವಾಗಿ ಹೋದರೆ ಹಾಗಲ್ಲ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆ ಸಂಘಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳ ಒಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಅದನ್ನು ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ಸಾಮಾನ್ಯ ಜಾಗವನ್ನು ಸಂಘಕ್ಕೆ ವಹಿಸಿಕೊಡಬೇಕು. ರೇರಾ ಪ್ರಾಧಿಕಾರಕ್ಕೆ ಸಂಘವೇ ದೂರು ಕೊಡಬಹುದು.

ಮೂರನೆಯದು ಕಷ್ಟಕಾಲದ ಶಿಸ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದು ಎಲ್ಲರಿಗೂ ನೆನಪಿರಬಹುದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಹಾಕಿಸಬೇಕೆಂದು ಅಪಾರ್ಟ್‌ಮೆಂಟ್‌ಗಳಿಗೆ ಹೇಳಿತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಿತು. ಇಂಥ ಆದೇಶಗಳನ್ನು ಒಂದೊಂದು ಮನೆಯವರು ತಮ್ಮಷ್ಟಕ್ಕೆ ಪಾಲಿಸುವುದು ಕಷ್ಟ. ಸಂಪಿನಲ್ಲಿ ಎಷ್ಟು ನೀರಿದೆ, ಯಾವ ಹೊತ್ತಿಗೆ ಬಿಡಬೇಕು, ಟ್ಯಾಂಕರ್ ಎಷ್ಟು ತರಿಸಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ ಬೇಕೇ ಬೇಕು. ಕಸ ಬೇರ್ಪಡಿಸುವುದು, ಕೊಳಚೆ ನೀರಿನ ಘಟಕ ನಡೆಸುವುದು ಕೂಡ ಇದೇ ಬಗೆಯ ಕೆಲಸ.

ನಾಲ್ಕನೆಯದನ್ನು ಹಣದಲ್ಲಿ ಅಳೆಯಲಾಗದು. ವಯಸ್ಸಾದವರು ಮನೆಯಲ್ಲಿ ಒಬ್ಬರೇ ಇದ್ದಾಗ ಗೇಟಿನವನಿಗೆ ಒಂದು ಫೋನು ಮಾಡಿದರೆ ಸಹಾಯ ಸಿಗುತ್ತದೆ. ಮಕ್ಕಳು ವಾಹನಗಳ ಭಯವಿಲ್ಲದೆ ಆಡಬಹುದು. ಹಬ್ಬಗಳಲ್ಲಿ ನೆರೆಹೊರೆಯವರ ಪರಿಚಯವಾಗುತ್ತದೆ.

ಅನಾನುಕೂಲಗಳು

ಮೊದಲ ತೊಂದರೆ ಕಡ್ಡಾಯದ ಖರ್ಚು. 'ನಾನು ನೆಲಮಹಡಿಯಲ್ಲಿದ್ದೇನೆ, ಲಿಫ್ಟ್ ಹತ್ತುವುದೇ ಇಲ್ಲ, ಹಣ ಏಕೆ ಕೊಡಲಿ?' ಎಂದು ಕೇಳುವವರಿದ್ದಾರೆ. ನಾನು ಬಳಸುವುದಿಲ್ಲ ಎಂಬ ಕಾರಣಕ್ಕೆ ಪಾಲು ತಪ್ಪಿಸಿಕೊಳ್ಳುವಂತಿಲ್ಲ ಎಂದು 1972ರ ಕಾಯ್ದೆ ಹೇಳುತ್ತದೆ. ಬಾಕಿ ಉಳಿದ ಹಣ ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ. ಆದ್ದರಿಂದ ಹಳೆಯ ಫ್ಲ್ಯಾಟ್ ಕೊಳ್ಳುವವರು ಸಂಘದಿಂದ 'ಬಾಕಿ ಇಲ್ಲ' ಎಂಬ ಪತ್ರ ಕೇಳಿ ಪಡೆಯಬೇಕು. ಈ ನಿಯಮ ಕಠಿಣ ಎನಿಸಬಹುದು. ಆದರೆ ಮೇಲಿನ ಉದಾಹರಣೆಯಲ್ಲಿ 10 ಮನೆಯವರು ಹಣ ಕಟ್ಟದಿದ್ದರೆ ತಿಂಗಳಿಗೆ 25,000 ರೂಪಾಯಿ ಕೊರತೆ ಬೀಳುತ್ತದೆ. ಆಗ ಲಿಫ್ಟ್ ನಿಲ್ಲುವುದು ಹಣ ಕಟ್ಟಿದವರಿಗೂ ಸೇರಿಯೇ.

ಎರಡನೆಯದು ಹಂಚಿಕೆಯ ಜಗಳ. ಆ 40 ಫ್ಲ್ಯಾಟ್‌ಗಳಲ್ಲಿ 20 ಫ್ಲ್ಯಾಟ್ 800 ಚದರಡಿಯವು, 20 ಫ್ಲ್ಯಾಟ್ 1,200 ಚದರಡಿಯವು ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ ಎಲ್ಲರಿಗೂ 2,500 ರೂಪಾಯಿ. ಚದರಡಿಗೆ 2.50 ರೂಪಾಯಿಯಂತೆ ಹಂಚಿದರೆ ಚಿಕ್ಕ ಮನೆಗೆ 2,000, ದೊಡ್ಡ ಮನೆಗೆ 3,000. 'ಕಾವಲುಗಾರ ಎಲ್ಲರಿಗೂ ಒಂದೇ ಸಮ ಕಾಯುತ್ತಾನಲ್ಲ' ಎಂಬುದು ದೊಡ್ಡ ಮನೆಯವರ ವಾದ. 'ನಿಮ್ಮ ಪಾಲು ದೊಡ್ಡದು, ಮತ ದೊಡ್ಡದು, ಹೊಣೆಯೂ ದೊಡ್ಡದಿರಲಿ' ಎಂಬುದು ಚಿಕ್ಕ ಮನೆಯವರ ವಾದ. ಕಾಯ್ದೆ ಪಾಲಿನ ಪ್ರಕಾರ ಎನ್ನುತ್ತದೆ. ಆದರೂ ಈ ಚರ್ಚೆ ಅನೇಕ ಕಡೆ ಮುಗಿದಿಲ್ಲ.

ಮೂರನೆಯದು ತೆರಿಗೆ. ಸಂಘದ ವಾರ್ಷಿಕ ಸಂಗ್ರಹ 20 ಲಕ್ಷ ರೂಪಾಯಿ ದಾಟಿ, ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ಮೀರಿದರೆ ಶೇ. 18 ಜಿಎಸ್‌ಟಿ ಬರುತ್ತದೆ. ಮೊತ್ತ 8,000 ರೂಪಾಯಿ ಎಂದುಕೊಳ್ಳಿ. 2019ರ ಸುತ್ತೋಲೆಯ ಪ್ರಕಾರ ಪೂರ್ತಿ 8,000ಕ್ಕೆ ತೆರಿಗೆ, ಅಂದರೆ 1,440 ರೂಪಾಯಿ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಮಿತಿ ಮೀರಿದ ಮೊತ್ತಕ್ಕೆ ಮಾತ್ರ ತೆರಿಗೆ ಎಂದಿತು. ಆ ಲೆಕ್ಕದಲ್ಲಿ 500 ರೂಪಾಯಿಗೆ 90 ರೂಪಾಯಿ ಅಷ್ಟೇ. ಒಂದೇ ನಿಯಮವನ್ನು ಓದುವ ರೀತಿ ಬೇರೆಯಾದರೆ ಮನೆಯ ಬಜೆಟ್ ಎಷ್ಟು ಬದಲಾಗುತ್ತದೆ ನೋಡಿ.

ನಾಲ್ಕನೆಯದು ಕೆಲವರ ಆಡಳಿತ. ಸರ್ವಸದಸ್ಯರ ಸಭೆಗೆ ಬಹಳಷ್ಟು ಮಂದಿ ಬರುವುದಿಲ್ಲ. ಬಂದ ಏಳೆಂಟು ಜನ ಎಲ್ಲರ ಪರವಾಗಿ ತೀರ್ಮಾನಿಸುತ್ತಾರೆ. ಅವರು ಪ್ರಾಮಾಣಿಕರಾಗಿದ್ದರೆ ಸಂಬಳವಿಲ್ಲದ ಆ ಕೆಲಸಕ್ಕೆ ಬೈಗುಳವೇ ಪ್ರತಿಫಲ. ಪ್ರಾಮಾಣಿಕರಲ್ಲದಿದ್ದರೆ ಪೇಂಟಿಂಗ್ ಗುತ್ತಿಗೆ ಬೇಕಾದವರಿಗೆ ಹೋಗುತ್ತದೆ, ಬಿಲ್ಲು ಯಾರಿಗೂ ಕಾಣುವುದಿಲ್ಲ.

ಐದನೆಯದು ಬಾಡಿಗೆದಾರರ ಸ್ಥಿತಿ. ಕಾಯ್ದೆ ಮತ್ತು ಬೈಲಾ ಬಾಡಿಗೆದಾರರಿಗೂ, ಕೆಲಸಕ್ಕೆ ಬರುವವರಿಗೂ ಅನ್ವಯಿಸುತ್ತವೆ. ಆದರೆ ಅವರು ಸದಸ್ಯರಲ್ಲ. ಪಾಲಿಸುವ ಕರ್ತವ್ಯ ಇದೆ, ಕೇಳುವ ಹಕ್ಕಿಲ್ಲ. ಮನೆಗೆಲಸದವರು ಮತ್ತು ಡೆಲಿವರಿಯವರು ಬೇರೆ ಲಿಫ್ಟ್ ಬಳಸಬೇಕು ಎಂಬ ಬೋರ್ಡು ಕೆಲವು ಕಟ್ಟಡಗಳಲ್ಲಿ ಕಾಣುತ್ತದೆ. ಅದನ್ನು ತೀರ್ಮಾನಿಸಿದ ಸಭೆಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ.

ಬರೆಯದ ನಿಯಮ

ಬರೆದ ನಿಯಮಗಳಿಗಿಂತ ಹೆಚ್ಚು ನೋವು ಕೊಡುವುದು ಬರೆಯದ ನಿಯಮ. ಫೋನಿನಲ್ಲಿ 'ಮನೆ ಖಾಲಿ ಇದೆ, ಬಂದು ನೋಡಿ' ಎಂದವರು ಹೆಸರು ಕೇಳಿದ ಮೇಲೆ 'ನಮಗೇನೂ ತೊಂದರೆ ಇಲ್ಲ, ಅಸೋಸಿಯೇಷನ್ ಒಪ್ಪಲ್ಲ' ಎನ್ನುವುದನ್ನು ನಮ್ಮಲ್ಲಿ ಹಲವರ ಮನೆಯವರು ಕೇಳಿದ್ದಾರೆ. ನನ್ನ ಖಾಲಾಗೂ ಈ ಉತ್ತರ ಬಂದಿತ್ತು. ಅವರು ಸುಮ್ಮನೆ ಹಿಂದಿರುಗದೆ ಅದೇ ಕಟ್ಟಡದ ಕಾರ್ಯದರ್ಶಿಯನ್ನು ಕಂಡು, ಆ ನಿಯಮ ಬೈಲಾದಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿದರು. ಅಂಥ ನಿಯಮವೇ ಇಲ್ಲ ಎಂದು ಅವರು ಹೇಳಿದರು. ಮನೆ ಮಾಲೀಕರು ತಮ್ಮ ಮನಸ್ಸಿನ ಮಾತನ್ನು ಸಂಘದ ಹೆಸರಿನಲ್ಲಿ ಹೇಳಿದ್ದರು. ಖಾಲಾಗೆ ಆ ಮನೆ ಸಿಗಲಿಲ್ಲ. ಆದರೆ ಯಾರು ಬೇಡ ಎಂದರು ಎಂಬುದು ಗೊತ್ತಾಯಿತು.

ಬರೆದ ನಿಯಮವೆಲ್ಲ ನ್ಯಾಯವೇ ಎಂದೂ ಹೇಳಲಾಗದು. ಅಹಮದಾಬಾದಿನ ಪಾರ್ಸಿಗಳ ಸಹಕಾರಿ ಗೃಹ ಸಂಘವೊಂದರ ಬೈಲಾದಲ್ಲಿ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದಿತ್ತು. 2005ರಲ್ಲಿ ಸುಪ್ರೀಂ ಕೋರ್ಟ್ ಆ ಬೈಲಾವನ್ನು ಎತ್ತಿಹಿಡಿಯಿತು. ತಾರತಮ್ಯ ಮಾಡಬಾರದೆಂಬ ಸಂವಿಧಾನದ 15ನೇ ವಿಧಿಯ ಕಟ್ಟಳೆ ಸರ್ಕಾರಕ್ಕೆ, ಜನ ತಾವಾಗಿ ಕಟ್ಟಿಕೊಂಡ ಸಹಕಾರ ಸಂಘಕ್ಕಲ್ಲ ಎಂಬ ನಿಲುವನ್ನು ಅದು ತಳೆಯಿತು. ಇದು ಸಹಕಾರ ಸಂಘದ ಪ್ರಕರಣ, ನಮ್ಮ ರಾಜ್ಯದ ಅಪಾರ್ಟ್‌ಮೆಂಟ್ ಕಾಯ್ದೆಯದಲ್ಲ. ಆದರೂ ಯೋಚಿಸಬೇಕಾದ ವಿಷಯ. ಪ್ರತಿ ಸಮುದಾಯವೂ ತನ್ನವರಿಗೇ ಒಂದು ಗೇಟು ಕಟ್ಟಿಕೊಂಡರೆ ಒಂದೇ ತರಗತಿಯಲ್ಲಿ ಕೂರುವ ನಾವು ನೆರೆಮನೆಯವರಾಗುವುದು ಯಾವಾಗ? ಈ ಪ್ರಶ್ನೆ ನಮಗೂ ಸೇರಿದ್ದು. ನಾಳೆ ನಮ್ಮವರೇ ಹೆಚ್ಚಿರುವ ಕಟ್ಟಡದಲ್ಲಿ ಬೇರೆಯವರು ಮನೆ ಕೇಳಿ ಬಂದಾಗ ನಾವು ಏನು ಹೇಳುತ್ತೇವೆ?

ಒಳ್ಳೆಯ ಬೈಲಾ ಇಲ್ಲಿ ನೆರವಾಗಬಲ್ಲದು. 'ಸಭಾಂಗಣದ ಬಾಡಿಗೆ ಎಲ್ಲರಿಗೂ ಒಂದೇ, ಮೊದಲು ಕೇಳಿದವರಿಗೆ ಮೊದಲು' ಎಂದು ಬರೆದಿದ್ದರೆ ಸತ್ಯನಾರಾಯಣ ಪೂಜೆಗೂ ಇಫ್ತಾರಿಗೂ ಯಾರ ಮರ್ಜಿಯೂ ಕಾಯಬೇಕಿಲ್ಲ.

ನಾವು ಏನು ಮಾಡಬಹುದು?

ಮನೆಯವರು ಫ್ಲ್ಯಾಟ್ ಕೊಳ್ಳುವಾಗ ಅಥವಾ ಬಾಡಿಗೆಗೆ ಹಿಡಿಯುವಾಗ ಟೈಲ್ಸ್, ಬಾಲ್ಕನಿ ನೋಡುವುದರ ಜೊತೆಗೆ ಕೆಲವು ಕಾಗದಗಳನ್ನು ಕೇಳೋಣ. ಬೈಲಾ ಪ್ರತಿ ಎಲ್ಲಿದೆ? ಕಳೆದ ವರ್ಷದ ಆಡಿಟ್ ಆದ ಲೆಕ್ಕ ಇದೆಯೇ? ದೊಡ್ಡ ರಿಪೇರಿಗೆಂದು ಎತ್ತಿಟ್ಟ ಕಾರ್ಪಸ್ ಫಂಡ್ ಎಷ್ಟಿದೆ, ಅದು ಬ್ಯಾಂಕಿನಲ್ಲಿ ಯಾರ ಹೆಸರಿನಲ್ಲಿದೆ? ಬಾಡಿಗೆದಾರರಿಗೆ ಇರುವ ಷರತ್ತುಗಳು ಯಾವುವು? ಇಷ್ಟನ್ನು ತೋರಿಸಲು ಸಂಘ ಹಿಂಜರಿದರೆ ಅದೇ ಒಂದು ಉತ್ತರ.

ಸ್ವಂತ ಫ್ಲ್ಯಾಟ್ ಇರುವವರು ವರ್ಷಕ್ಕೊಮ್ಮೆ ನಡೆಯುವ ಸಭೆಗೆ ಮನೆಯವರನ್ನು ಕಳಿಸಿ. ಅಬ್ಬಾ ಅಂಗಡಿಯಿಂದ ಬರುವುದು ತಡವಾಗುತ್ತದೆ ಎಂದಾದರೆ ಅಮ್ಮಿ ಹೋಗಲಿ. ಮನೆ ನಡೆಸುವವರಿಗೆ ನೀರಿನ, ಲಿಫ್ಟಿನ ಕಷ್ಟ ಚೆನ್ನಾಗಿ ಗೊತ್ತು. ಆದಾಯ-ವೆಚ್ಚ ಖಾತೆ ಓದಲು ಕಲಿತ ನಾವು ಮನೆಯವರ ಪಕ್ಕ ಕುಳಿತು ಆ ಒಂದು ಹಾಳೆಯನ್ನು ಬಿಡಿಸಿ ಹೇಳಬಹುದು.

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಸೂರಾ ಅಲ್-ಬಕರಾದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವುದು. ಹತ್ತಾರು ಮನೆಯವರು ನಂಬಿ ಕೊಟ್ಟ ಹಣವೂ ಒಂದು ಅಮಾನತ್. ನಂಬಿಕೆ ಇರುವಲ್ಲೂ ಬರಹ ಬೇಕು, ಬರಹ ಇದ್ದರೆ ನಂಬಿಕೆ ಉಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಸಂಘವಿಲ್ಲದೆ ಬದುಕಲಾಗದು. ಅದು ನೆರಳಾಗುವುದೋ ಹೊರೆಯಾಗುವುದೋ ಎಂಬುದು ನಿಯಮಗಳು ಬರಹದಲ್ಲಿವೆಯೇ, ಲೆಕ್ಕ ಎಲ್ಲರಿಗೂ ಕಾಣುತ್ತದೆಯೇ ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ. ಇಂದು ಮನೆಗೆ ಹೋದಾಗ ನೋಟಿಸ್ ಬೋರ್ಡಿನಲ್ಲಿ ಕಳೆದ ತಿಂಗಳ ಜಮಾ-ಖರ್ಚು ಹಾಕಿದ್ದಾರೆಯೇ ಎಂದು ಒಮ್ಮೆ ನೋಡಿ. ಹಾಕಿಲ್ಲದಿದ್ದರೆ ವಿನಯದಿಂದ ಕೇಳಿ.