ಹಾಡಿನ ಭಂಡಾರವೂ ಅದರ ವಹಿಯೂ

ಮನೆಯ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆಯನ್ನು ಮೊಮ್ಮಗನು ಧ್ವನಿಮುದ್ರಿಸಿ ಗಣಕಯಂತ್ರದಲ್ಲಿ ಇಡುತ್ತಾನೆ. ಎರಡು ವರ್ಷಗಳ ತರುವಾಯ ಹುಡುಕಿದರೆ ಅಜ್ಜಿಯ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ; ಹೆಸರಿಲ್ಲದ ನೂರಾರು ಹಾಡುಗಳ ನಡುವೆ ಅದು ಎಲ್ಲಿಯೋ ಅಡಗಿದೆ. ಹಾಡು ನಾಶವಾಗಿಲ್ಲ, ಅದರ ವಿವರ ಕಳೆದುಹೋಗಿದೆ. ಈ ವಿವರ ಎಲ್ಲಿರುತ್ತದೆ, ಅದನ್ನು ನಾವೇ ತಿದ್ದುವ ಬಗೆ ಹೇಗೆ ಎಂಬುದನ್ನು ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ತಿಳಿದಿರುವುದು ಒಳ್ಳೆಯದು.

ವಿವರವಿರುವುದು ಎರಡು ಕಡೆ. ಮೊದಲನೆಯದು, ಹಾಡಿನ ಕಡತಕ್ಕೇ ಅಂಟಿಸಿದ ಚೀಟಿ. ಎಂಪಿ3 ಕಡತಗಳಿಗೆ ಐಡಿ3 ಎಂಬ ಚೀಟಿಯು 1996ರಲ್ಲಿ ಬಂದಿತು. ಕಡತದ ಕೊನೆಯಲ್ಲಿ 128 ಬೈಟುಗಳ ಸ್ಥಳ. ಅದರಲ್ಲಿ ಹಾಡಿದವರ ಹೆಸರಿಗೆ 30 ಬೈಟು ಮಾತ್ರ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಅಕ್ಷರ, ಕೊಂಬು, ದೀರ್ಘ, ಒತ್ತುಗಳ ಲೆಕ್ಕದಲ್ಲಿ ಒಂದೊಂದಕ್ಕೂ 3 ಬೈಟು ಬೇಕು. 'ಮಲ್ಲಿಕಾರ್ಜುನ' ಎಂಬುದೊಂದಕ್ಕೇ 36 ಆಗುವುದರಿಂದ, 'ಮನ್ಸೂರ' ಎಂದು ಸೇರಿಸುವ ಮಾತೇ ಇಲ್ಲ! 1998ರ ಎರಡನೆಯ ಆವೃತ್ತಿಯು ಈ ಇಕ್ಕಟ್ಟನ್ನು ನೀಗಿಸಿತು.

ಎರಡನೆಯದು, ಹಾಡು ನುಡಿಸುವ ತಂತ್ರಾಂಶವು ತಾನೇ ಬರೆದಿಟ್ಟುಕೊಳ್ಳುವ ವಹಿ. ಲಿನಕ್ಸ್ ಗಣಕಯಂತ್ರಗಳಲ್ಲಿ ಬಳಸುವ ರಿದಮ್‌ಬಾಕ್ಸನ್ನೇ ನೋಡಿರಿ. ಹಾಡು ಯಾವ ಕೋಶದಲ್ಲಿದೆ, ಎಷ್ಟು ಸಲ ಕೇಳಿದ್ದಾಯಿತು, ಎಷ್ಟು ನಕ್ಷತ್ರ ಕೊಟ್ಟಿದ್ದೇವೆ ಎಂಬುದನ್ನೆಲ್ಲ ಅದು 'ರಿದಮ್‌ಡಿಬಿ' ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ಬರೆಯುತ್ತದೆ. ಹಾಡುಗಳನ್ನು ಬೇರೆ ಕೋಶಕ್ಕೆ ಸಾಗಿಸಿದರೆ ವಹಿಯಲ್ಲಿ ಹಳೆಯ ವಿಳಾಸವೇ ಉಳಿದು, ನಕ್ಷತ್ರಗಳೆಲ್ಲ ಅನಾಥವಾಗುತ್ತವೆ. ಆದರೆ ಈ ವಹಿ ಬರಿಯ ಅಕ್ಷರಗಳ ಕಡತವಾದುದರಿಂದ, ಸಾಧಾರಣ ಬರಹದ ತಂತ್ರಾಂಶದಲ್ಲಿ ತೆರೆದು ನೂರಾರು ವಿಳಾಸಗಳನ್ನು ಒಮ್ಮೆಗೇ ಬದಲಿಸಬಹುದು.

ತಿದ್ದುವ ಮೊದಲು ರಿದಮ್‌ಬಾಕ್ಸನ್ನು ಮುಚ್ಚತಕ್ಕದ್ದು. ನಾನೊಮ್ಮೆ ಮುಚ್ಚದೆ ಒಂದು ಸಂಜೆಯೆಲ್ಲ ಕುಳಿತು ತಿದ್ದಿದೆ. ಆಮೇಲೆ ಮುಚ್ಚಿದಾಗ ಅದು ತನ್ನ ನೆನಪಿನಲ್ಲಿದ್ದ ಹಳೆಯ ವಹಿಯನ್ನೇ ಮೇಲೆ ಬರೆದು ನನ್ನ ದುಡಿಮೆಯನ್ನು ಅಳಿಸಿಹಾಕಿತು. ವಹಿಯ ನಕಲೊಂದನ್ನು ಬೇರೆಡೆ ಇಟ್ಟುಕೊಳ್ಳುವುದೂ ಅವಶ್ಯ. ವಿಳಾಸದಲ್ಲಿ ಕನ್ನಡವು ಕನ್ನಡವಾಗಿ ಕಾಣದೆ ಶೇಕಡಾ ಚಿಹ್ನೆಗಳ ಸಾಲಾಗಿ ಕಂಡರೆ ಅಂಜಬೇಕಾಗಿಲ್ಲ; 'ಅ' ಒಂದಕ್ಕೇ ಒಂಬತ್ತು ಚಿಹ್ನೆಗಳು ಬೀಳುತ್ತವೆ. ಒಮ್ಮೆಗೇ ಬದಲಿಸುವಾಗ ಇಡೀ ವಿಳಾಸವನ್ನೇ ಕೊಡಬೇಕು. 'ರಾಮ' ಎಂಬುದನ್ನೆಲ್ಲ 'ರಾಮಯ್ಯ' ಮಾಡೆಂದರೆ ರಾಮಾಯಣವು ರಾಮಯ್ಯಾಯಣವಾದೀತು!

ಅಜ್ಜಿಯ ಹೆಸರನ್ನಾದರೋ ವಹಿಯಲ್ಲಿ ಬರೆದರೆ ಸಾಲದು. ವಹಿ ಆ ಒಂದು ಯಂತ್ರದಲ್ಲಿಯೇ ಉಳಿಯುತ್ತದೆ. ಹಾಡು ಮುಂಬಯಿಯ ಮಗಳಿಗೋ ಮಂಗಳೂರಿನ ಮೊಮ್ಮಗನಿಗೋ ಹೋಗುವಾಗ ಜೊತೆಗೆ ಹೋಗುವುದು ಚೀಟಿ ಮಾತ್ರ. ಕಿಡ್3, ಈಸಿಟ್ಯಾಗ್ ಮೊದಲಾದ ತಂತ್ರಾಂಶಗಳಿಂದ ಆ ಚೀಟಿಯಲ್ಲಿ ಹಾಡಿದವರ ಹೆಸರು, ಊರು, ವರ್ಷ ಇವನ್ನು ಕನ್ನಡದಲ್ಲಿಯೇ ಬರೆಯಬಹುದು. ಊರಿಗೆಂದು ಪ್ರತ್ಯೇಕ ಅಂಕಣ ಕಾಣದಿದ್ದಲ್ಲಿ ಟಿಪ್ಪಣಿಯ ಅಂಕಣವನ್ನು ಉಪಯೋಗಿಸಿಕೊಳ್ಳಬಹುದು.