ಕಾರಿನಲ್ಲಿ ಒಳ್ಳೆಯ ಬೇಸ್ ಬೇಕೆ? ಸಣ್ಣ ಸಬ್‌ವೂಫರ್ ಸಾಕು, ಅರ್ಧ ಕೆಲಸ ಕಾರೇ ಮಾಡುತ್ತದೆ

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬಂದವರಿರಲಿ, ಊರಲ್ಲೇ ದುಡಿದು ಮೊದಲ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿರಲಿ, ಕಾರು ಮನೆಗೆ ಬಂದ ಕೆಲವೇ ದಿನಗಳಲ್ಲಿ ಯುವಕರ ಬಾಯಲ್ಲಿ ಬರುವ ಮಾತು ಒಂದೇ: "ಸೌಂಡ್ ಸಾಲುವುದಿಲ್ಲ, ಒಂದು ಬೇಸ್ ಹಾಕಿಸಬೇಕು." ಹೆಚ್ಚಿನವರು ಕೊನೆಗೆ ಕೊಳ್ಳುವುದು ಡಿಕ್ಕಿ ತುಂಬುವಷ್ಟು ದೊಡ್ಡ 12 ಇಂಚಿನ ಬಾಕ್ಸನ್ನು. ಅದರ ಮೇಲೆ ಸಾವಿರಾರು ವ್ಯಾಟ್ ಎಂದು ಬರೆದ ಸ್ಟಿಕ್ಕರ್ ಬೇರೆ. ಹಣ ಹೋಯಿತು, ಡಿಕ್ಕಿಯೂ ಹೋಯಿತು. ಸ್ವಲ್ಪ ದಿನ ಕಳೆದ ಮೇಲೆ ಅದೇ ಢಂ ಢಂ ಸದ್ದು ಮನೆಯವರಿಗೆ ತಲೆನೋವು.

ಇದರ ಅಗತ್ಯವೇ ಇಲ್ಲ. ಸರಿಯಾಗಿ ಕೂರಿಸಿ ಸರಿಯಾಗಿ ಸೆಟ್ ಮಾಡಿದರೆ 8 ಅಥವಾ 10 ಇಂಚಿನ ಸಣ್ಣ ಸಬ್‌ವೂಫರ್ ಕಾರಿನೊಳಗೆ ಧಾರಾಳ ಸಾಕು.

ಡಿಕ್ಕಿಯ ಬೆಲೆ ಗೊತ್ತಾಗುವುದು ದೂರ ಪ್ರಯಾಣದಲ್ಲಿ. ತಿರುಪ್ಪೂರಿಗೆ ರೆಡಿಮೇಡ್ ಬಟ್ಟೆ ತರಲು ಹೋಗುವವರು ಇರುತ್ತಾರೆ. ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಸತ್ಯಮಂಗಲದಿಂದ ಸಿರುಮುಗೈ ಮೂಲಕ ಮೆಟ್ಟುಪಾಳ್ಯಕ್ಕೋ ಊಟಿಗೋ ಹೋಗುವ ಕುಟುಂಬಗಳೂ ಇರುತ್ತವೆ. ಐದು ಜನರ ಬ್ಯಾಗು, ಮಕ್ಕಳ ಸಾಮಾನು, ಸಿರುಮುಗೈಯ ಕೈಮಗ್ಗದ ಸೀರೆ ಖರೀದಿಸಿದರೆ ಅದರ ಗಂಟು, ಇವೆಲ್ಲ ಎಲ್ಲಿಗೆ ಹೋಗಬೇಕು? ದೊಡ್ಡ ಬಾಕ್ಸ್ ಇದ್ದರೆ ಎಲ್ಲವೂ ಕಾಲ ಬುಡಕ್ಕೆ.

ಕಾರಿನೊಳಗೆ ನಡೆಯುವುದೇನು?

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 40 ಹರ್ಟ್ಸ್‌ನ ಆಳವಾದ ಬೇಸ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಸಣ್ಣ ಕಾರಿನ ಡ್ಯಾಶ್‌ಬೋರ್ಡ್‌ನಿಂದ ಹಿಂದಿನ ಬಾಗಿಲಿನವರೆಗೆ ಇರುವುದು ಹೆಚ್ಚುಕಮ್ಮಿ ಎರಡೂವರೆ ಮೀಟರ್. ಅಷ್ಟು ಉದ್ದದ ಅಲೆ ಅಲ್ಲಿ ಹಿಡಿಸುವುದೇ ಇಲ್ಲ.

ಆಗ ಸಬ್‌ವೂಫರ್ ಸೈಕಲ್ ಪಂಪ್‌ನ ಹಾಗೆ ಕೆಲಸ ಮಾಡುತ್ತದೆ. ಕೋನ್ ಮುಂದೆ ಬಂದರೆ ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿಕೊಳ್ಳುತ್ತದೆ, ಹಿಂದೆ ಹೋದರೆ ಸಡಿಲವಾಗುತ್ತದೆ. ಬಯಲಲ್ಲಾದರೆ ಚದುರಿ ಹೋಗುವ ಬೇಸ್ ಇಲ್ಲಿ ಒತ್ತಡವಾಗಿ ಕಿವಿಗೆ ತಾಗುತ್ತದೆ. ಇದನ್ನು ಕ್ಯಾಬಿನ್ ಗೇನ್ ಎನ್ನುತ್ತಾರೆ. ಸಣ್ಣ ಕಾರಿನಲ್ಲಿ ಸುಮಾರು 60-70 ಹರ್ಟ್ಸ್‌ನಿಂದ ಕೆಳಗೆ ಇದು ಶುರುವಾಗುತ್ತದೆ. ಲೆಕ್ಕದ ಪ್ರಕಾರ, ಹರ್ಟ್ಸ್ ಅರ್ಧಕ್ಕೆ ಇಳಿದ ಹಾಗೆಲ್ಲ 12 ಡೆಸಿಬೆಲ್‌ನಷ್ಟು ಲಾಭ. ಬಾಗಿಲ ಸಂದಿಯಲ್ಲಿ ಗಾಳಿ ಸೋರುವುದರಿಂದ, ತಗಡು ಅದುರುವುದರಿಂದ ನಿಜವಾದ ಕಾರಿನಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಸಿಗುವುದು ಸಣ್ಣದಲ್ಲ. 3 ಡೆಸಿಬೆಲ್ ಹೆಚ್ಚಬೇಕಾದರೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು, 6 ಡೆಸಿಬೆಲ್‌ಗೆ ನಾಲ್ಕು ಪಟ್ಟು. ಅದನ್ನು ಕಾರಿನ ಒಳಾಂಗಣ ಬಿಟ್ಟಿಯಾಗಿ ಕೊಡುತ್ತದೆ.

ಅನುಮಾನ ಇದ್ದರೆ ಬೇಸ್ ಇರುವ ಹಾಡು ಹಾಕಿ ಗ್ಲಾಸ್ ಪೂರ್ತಿ ಇಳಿಸಿ ನೋಡಬಹುದು. ಆಳದ ಬೇಸ್ ಕೂಡಲೇ ಕಡಿಮೆಯಾಗುತ್ತದೆ.

ಬಾಕ್ಸ್ ಯಾವುದು?

ಬಾಕ್ಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಲ್ಲ ಕಡೆ ಮುಚ್ಚಿದ ಸೀಲ್ಡ್ ಬಾಕ್ಸ್ ಮತ್ತು ಗಾಳಿಗೆ ತೂತು ಇರುವ ಪೋರ್ಟೆಡ್ ಬಾಕ್ಸ್. ಉದ್ದನೆಯ ಬೇಸ್ ಟ್ಯೂಬ್‌ಗಳು ಸಾಮಾನ್ಯವಾಗಿ ಎರಡನೇ ಬಗೆಯವು.

ಪೋರ್ಟೆಡ್ ಬಾಕ್ಸ್ ಜೋರಾಗಿ ಕೇಳುತ್ತದೆ, ನಿಜ. ಆದರೆ ಅದು ಒಂದೇ ಜಾಗದಲ್ಲಿ ಹೆಚ್ಚು ಗುಡುಗುತ್ತದೆ, ಅದರಿಂದ ಕೆಳಗೆ ದಿಢೀರನೆ ಬಿದ್ದುಹೋಗುತ್ತದೆ. ಎಲ್ಲ ಹಾಡಿನಲ್ಲೂ ಒಂದೇ ಢಂ ಢಂ ಕೇಳುವುದು ಇದರಿಂದಲೇ. ಸೀಲ್ಡ್ ಬಾಕ್ಸ್‌ನ ಸದ್ದು ಕೆಳಗೆ ಹೋದ ಹಾಗೆ ನಿಧಾನವಾಗಿ ಇಳಿಯುತ್ತದೆ, ಅದೂ ಹೆಚ್ಚುಕಮ್ಮಿ 12 ಡೆಸಿಬೆಲ್ ಲೆಕ್ಕದಲ್ಲಿ. ಅತ್ತ ಬಾಕ್ಸ್ ಇಳಿಸಿದ್ದನ್ನು ಇತ್ತ ಕಾರು ಎತ್ತಿಕೊಡುತ್ತದೆ. ಹಾಗಾಗಿ ಸಣ್ಣ ಸೀಲ್ಡ್ ಬಾಕ್ಸ್ ಮತ್ತು ಕಾರು ಒಳ್ಳೆಯ ಜೋಡಿ. ದಫ್‌ನ ಒಂದು ಪೆಟ್ಟು ಒಂದೇ ಪೆಟ್ಟಾಗಿ ಕೇಳಬೇಕು, ಅದರ ಹಿಂದೆ ಬಾಲ ಎಳೆಯಬಾರದು.

8 ಇಂಚಿನ ಸಬ್‌ಗೆ ಸಾಮಾನ್ಯವಾಗಿ 10ರಿಂದ 14 ಲೀಟರ್, 10 ಇಂಚಿಗೆ 17ರಿಂದ 23 ಲೀಟರ್ ಜಾಗ ಬೇಕಾಗುತ್ತದೆ. ಸರಿಯಾದ ಅಳತೆ ಕಂಪನಿ ಕೊಡುವ ಕಾಗದದಲ್ಲೇ ಇರುತ್ತದೆ. ಬಡಗಿಯ ಹತ್ತಿರ ಮಾಡಿಸುವುದಾದರೆ 18 ಎಂ.ಎಂ. ಎಂ.ಡಿ.ಎಫ್. ಹಲಗೆ ಒಳ್ಳೆಯದು. ಸಂದಿಗಳಲ್ಲಿ ಗಾಳಿ ಸೋರಬಾರದು. ಡಿಕ್ಕಿ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಸೀಟಿನಡಿ ಕೂರುವ, ಒಳಗೇ ಆಂಪ್ಲಿಫೈಯರ್ ಇರುವ ಚಪ್ಪಟೆ ಸಬ್ ಸಿಗುತ್ತದೆ. ಅದು ಎದೆ ನಡುಗಿಸುವುದಿಲ್ಲ, ಆದರೆ ಹಾಡಿಗೆ ತಳ ಕೊಡುತ್ತದೆ.

ವ್ಯಾಟ್ ನೋಡುವಾಗ ಪಿ.ಎಂ.ಪಿ.ಒ., ಮ್ಯಾಕ್ಸ್ ಎಂದು ಬರೆದ ದೊಡ್ಡ ಸಂಖ್ಯೆಗೆ ಬೆಲೆ ಕೊಡಬೇಡಿ. ಆರ್.ಎಂ.ಎಸ್. ಎಷ್ಟು ಎಂದು ಕೇಳಿ. ಸೀಲ್ಡ್ ಬಾಕ್ಸ್‌ನ ಸಣ್ಣ ಸಬ್‌ಗೆ 100ರಿಂದ 200 ವ್ಯಾಟ್ ಆರ್.ಎಂ.ಎಸ್. ಬೇಕಾದಷ್ಟಾಯಿತು.

ಎಲ್ಲಿ ಇಡಬೇಕು?

ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿಯ ಒಂದು ಮೂಲೆಯಲ್ಲಿಟ್ಟು ಕೋನ್ ಹಿಂಬಾಗಿಲ ಕಡೆ ತಿರುಗಿಸಿದರೆ ಹೆಚ್ಚಾಗಿ ಒಳ್ಳೆಯ ಫಲ ಸಿಗುತ್ತದೆ. ಮೊದಲು ಒಂದು ಅಡಿ ಅಂತರ ಬಿಟ್ಟು ನೋಡಿ, ಆಮೇಲೆ ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡಿ. ಸೆಡಾನ್‌ನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ತಡೆ ಇರುವುದರಿಂದ ಬೇಸ್ ಸ್ವಲ್ಪ ಅಲ್ಲೇ ಉಳಿಯುತ್ತದೆ. ಹಿಂದಿನ ಸೀಟಿನ ನಡುವೆ ತೆರೆಯುವ ಕಿಂಡಿ ಇದ್ದರೆ ಅದು ಸಹಾಯಕ್ಕೆ ಬರುತ್ತದೆ. ಎಲ್ಲಿಟ್ಟರೂ ಬಾಕ್ಸನ್ನು ಬಿಗಿಯಾಗಿ ಕಟ್ಟಲೇಬೇಕು. ಬ್ರೇಕ್ ಹಾಕಿದಾಗ ಅದು ಹಾರಿ ಬಂದರೆ ಹಿಂದಿನ ಸೀಟಿನಲ್ಲಿ ಇರುವುದು ಮಕ್ಕಳು.

ವಯರಿಂಗ್‌ನಲ್ಲಿ ಉಳಿತಾಯ ಬೇಡ

150 ವ್ಯಾಟ್‌ನ ಆಂಪ್ಲಿಫೈಯರ್ ಜೋರಾಗಿ ನುಡಿಯುವಾಗ ಬ್ಯಾಟರಿಯಿಂದ 13-14 ಆಂಪಿಯರ್ ಎಳೆಯಬಹುದು. ಇದಕ್ಕೆ ಸಪೂರ ವಯರ್ ಹಾಕಿದರೆ ಬಿಸಿಯಾಗುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಾಮ್ರದ ವಯರ್ ಎಳೆದು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಹಾಕಿಸಬೇಕು. ಫ್ಯೂಸ್ ಇಲ್ಲದ ವಯರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಕಾರಿಗೆ ಬೆಂಕಿ ಬೀಳಬಹುದು. ಅರ್ತ್ ವಯರನ್ನು ಪೇಂಟ್ ಕೆರೆದ ಬಾಡಿ ತಗಡಿಗೇ ಬಿಗಿಯಬೇಕು. ಹೊಸ ಕಾರಿನಲ್ಲಿ ಕಂಪನಿಯ ವಯರ್ ಕತ್ತರಿಸದೆ ಕಪ್ಲರ್ ಬಳಸಿ ಕೊಡಲು ಹೇಳಿದರೆ ವಾರಂಟಿಯ ತಕರಾರು ಬರುವ ಸಾಧ್ಯತೆ ಕಡಿಮೆ.

ಸೆಟ್ಟಿಂಗ್ ಹೀಗೆ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲಿಯೇ. ಮೊದಲು ಸ್ಟೀರಿಯೋದ ಬೇಸ್, ಟ್ರೆಬಲ್ ಎಲ್ಲ ಸೊನ್ನೆಗೆ, ಬೇಸ್ ಬೂಸ್ಟ್ ಆಫ್. ಸಬ್‌ನ ಲೋ ಪಾಸ್ 80 ಹರ್ಟ್ಸ್‌ಗೆ. ಸ್ಟೀರಿಯೋದಲ್ಲಿ ಹೈ ಪಾಸ್ ಇದ್ದರೆ ಬಾಗಿಲ ಸ್ಪೀಕರ್‌ಗಳಿಗೂ 80. ಆಗ ಸಣ್ಣ ಸ್ಪೀಕರ್ ಭಾರ ಹೊರುವುದು ತಪ್ಪುತ್ತದೆ, ಅದರ ಸದ್ದೂ ಸ್ಪಷ್ಟವಾಗುತ್ತದೆ.

ಮುಂದಿನದು ಫೇಸ್ ಸ್ವಿಚ್. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತಿರಲಿ, ಇನ್ನೊಬ್ಬರು ಸ್ವಿಚ್ಚನ್ನು 0ಯಿಂದ 180ಕ್ಕೆ ಬದಲಿಸಲಿ. ಯಾವುದರಲ್ಲಿ ಬೇಸ್ ಹೆಚ್ಚು ಕೇಳುತ್ತದೋ ಅದೇ ಸರಿ. ಇದು ತಪ್ಪಿದ್ದರೆ ಸಬ್ ಮತ್ತು ಬಾಗಿಲ ಸ್ಪೀಕರ್ ಒಂದನ್ನೊಂದು ಕೊಲ್ಲುತ್ತವೆ. ಅದು ಗೊತ್ತಿಲ್ಲದೆ ಎಷ್ಟೋ ಜನ ಇನ್ನೂ ದೊಡ್ಡ ಸಬ್ ಖರೀದಿಸುತ್ತಾರೆ.

ಕೊನೆಗೆ ಗೇನ್. ಅದು ವಾಲ್ಯೂಮ್ ಅಲ್ಲ. ಸೊನ್ನೆಯಿಂದ ನಿಧಾನವಾಗಿ ಏರಿಸಿ, ಬೇಸ್ ಹಿಂದಿನಿಂದ ಬರುತ್ತಿದೆ ಅನಿಸಿದ ಕೂಡಲೇ ಸ್ವಲ್ಪ ಇಳಿಸಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ: ಯಾರದಾದರೂ ಭಾಷಣ ಅಥವಾ ಪ್ರವಚನ ಹಾಕಿ. ಗಂಡಸರ ಮಾತಿನ ದನಿ ಸಾಮಾನ್ಯವಾಗಿ 85 ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ. ಹಾಗಾಗಿ ಸಬ್ ಆನ್ ಆಫ್ ಮಾಡಿದರೆ ಮಾತಿನಲ್ಲಿ ಹೆಚ್ಚು ವ್ಯತ್ಯಾಸ ಆಗಬಾರದು. ಮಾತನಾಡುವವರು ಡ್ರಮ್ಮಿನೊಳಗೆ ಕೂತ ಹಾಗೆ ಕೇಳಿದರೆ ಗೇನ್ ಹೆಚ್ಚಾಗಿದೆ ಅಥವಾ ಲೋ ಪಾಸ್ ಮೇಲೆ ಹೋಗಿದೆ ಎಂದರ್ಥ.

ಇಷ್ಟಾದ ಮೇಲೂ ಗರ್ ಗರ್ ಎಂದರೆ ಸಬ್‌ನ ತಪ್ಪಲ್ಲದಿರಬಹುದು. ನಂಬರ್ ಪ್ಲೇಟ್, ಹಿಂದಿನ ಟ್ರೇ, ಸ್ಟೆಪ್ನಿಯ ಜಾಕ್, ಬಾಗಿಲ ಪಾಕೆಟಿನ ಚಿಲ್ಲರೆ ಎಲ್ಲವೂ ಅದುರುತ್ತವೆ. ತುಂಡು ಫೋಮ್ ಸಾಕು. ಬಾಗಿಲ ತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಇನ್ನೂ ಒಳ್ಳೆಯದು.

ಕಿವಿ ಮತ್ತು ನೆರೆಮನೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಕಾರಿನಿಂದ ಇಳಿದ ಮೇಲೆ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆ. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸ್‌ನ ಸೈರನ್ ಕೇಳದಷ್ಟು ಜೋರು ಇಡುವುದು ಇನ್ನೊಬ್ಬರ ಜೀವದ ಪ್ರಶ್ನೆ.

ಬೇಸ್‌ಗೆ ಇನ್ನೊಂದು ಗುಣವಿದೆ. ಅದು ಗ್ಲಾಸನ್ನೂ ಗೋಡೆಯನ್ನೂ ಸುಲಭವಾಗಿ ದಾಟುತ್ತದೆ. ಮೊಬೈಲಿನ ಡೆಸಿಬೆಲ್ ಆ್ಯಪ್ ಇದನ್ನು ತೋರಿಸದೇ ಇರಬಹುದು, ಏಕೆಂದರೆ ಸಾಮಾನ್ಯವಾಗಿ ಬಳಸುವ 'ಎ' ಅಳತೆ 50 ಹರ್ಟ್ಸ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿಮೆ ಲೆಕ್ಕ ಹಾಕುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಮದುವೆ ಮುಗಿಸಿ ತಡರಾತ್ರಿ ಗಲ್ಲಿಗೆ ಬರುವ ಕಾರಿನ ಢಂ ಢಂಗೆ ಮೊದಲು ಏಳುವುದು ತೊಟ್ಟಿಲ ಮಗು, ಆಮೇಲೆ ಹಾಸಿಗೆ ಹಿಡಿದ ಹಿರಿಯರು.

ಹಾಗಾದರೆ ಹಣ ಇಡುವ ಕ್ರಮ ಹೀಗಿರಲಿ: ಮೊದಲು ಒಳ್ಳೆಯ ವಯರ್ ಮತ್ತು ಫ್ಯೂಸ್, ಆಮೇಲೆ ಸಣ್ಣ ಸೀಲ್ಡ್ ಸಬ್, ಉಳಿದರೆ ಬಾಗಿಲಿಗೆ ಡ್ಯಾಂಪಿಂಗ್. ಸೆಟ್ಟಿಂಗ್‌ಗೆ ಹಣ ಬೇಡ, ಒಂದು ಗಂಟೆಯ ತಾಳ್ಮೆ ಸಾಕು. ಒಳಗೆ ಕೂತವರಿಗೆ ಪೂರ್ತಿ ಕೇಳಿ, ಹೊರಗೆ ನಿಂತವರಿಗೆ ಕೇಳದೇ ಇದ್ದರೆ ಸಿಸ್ಟಮ್ ಸರಿಯಾಗಿದೆ ಎಂದು ತಿಳಿಯಬಹುದು.